ದೊಡ್ಡ ಸ್ಟೆಪ್ನಿ, ಸಣ್ಣ ಜಾಗ

'ಸ್ಟೆಪ್ನಿ' ಅನ್ನೋ ಪದ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪಂಕ್ಚರ್ ಅಂಗಡಿಯಲ್ಲಿ, ಲಾರಿ ಸ್ಟ್ಯಾಂಡಿನಲ್ಲಿ, ಮನೆಯಲ್ಲಿ ಅಪ್ಪನ ಬಾಯಲ್ಲಿ, ಎಲ್ಲಾ ಕಡೆ ಇದೇ ಪದ. ಆದರೆ ಅಮೆರಿಕದವರ ಹತ್ತಿರ ಹೋಗಿ ಸ್ಟೆಪ್ನಿ ಅಂದ್ರೆ ಅವರಿಗೆ ಅರ್ಥ ಆಗೋದು ಕಷ್ಟ. ವೇಲ್ಸ್ ದೇಶದ ಲಾನೆಲ್ಲಿ ಅನ್ನೋ ಊರಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಅಲ್ಲಿ ಡೇವಿಸ್ ಸಹೋದರರು 1904ರಲ್ಲಿ ಕಾರುಗಳಿಗೆ ಒಂದು ಹೆಚ್ಚುವರಿ ಚಕ್ರ ಮಾಡಿ ಮಾರೋಕೆ ಶುರು ಮಾಡಿದ್ರು. ಕಡ್ಡಿಗಳಿಲ್ಲದ ಒಂದು ರಿಮ್, ಅದರ ಮೇಲೆ ಗಾಳಿ ತುಂಬಿದ ಟೈರ್. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನ ಕ್ಲಾಂಪ್ ಮಾಡಿ ಹೊರಟುಬಿಡೋದು. ಆ ಬೀದಿಯ ಹೆಸರೇ ಚಕ್ರದ ಹೆಸರಾಯ್ತು. ಇಂಗ್ಲಿಷಿನವರು ಹೆಚ್ಚುಕಮ್ಮಿ ಮರೆತುಬಿಟ್ರೂ ನಾವು ಇವತ್ತಿಗೂ ಬಿಟ್ಟಿಲ್ಲ.

ಈ ಲೇಖನ ಒಂದು ಸ್ಟೆಪ್ನಿಯ ಬಗ್ಗೆನೇ. ಆದರೆ ಅದು ಇರೋದು ಅಮೆರಿಕದಲ್ಲಿ, ಒಂದು ಟ್ರಾವೆಲ್ ಟ್ರೇಲರ್ ಕೆಳಗೆ. ಟ್ರಾವೆಲ್ ಟ್ರೇಲರ್ ಅಂದ್ರೆ ಚಕ್ರದ ಮೇಲಿರೋ ಪುಟ್ಟ ಮನೆ. ಒಳಗೆ ಹಾಸಿಗೆ, ಅಡುಗೆ ಒಲೆ, ಟಾಯ್ಲೆಟ್, ನೀರಿನ ಟ್ಯಾಂಕ್ ಎಲ್ಲಾ ಇರುತ್ತೆ, ಎಂಜಿನ್ ಮಾತ್ರ ಇರಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿ ಎಳ್ಕೊಂಡು ಹೋಗ್ತಾರೆ. ಟೆಕ್ಸಾಸ್‌ನಲ್ಲಿರೋ ನನ್ನ ಕಸಿನ್ ಒಬ್ಬ ಸೆಕೆಂಡ್ ಹ್ಯಾಂಡ್ ಟ್ರೇಲರ್ ತಗೊಂಡ. ಅದರ ನಾಲ್ಕೂ ಟೈರ್ ಬದಲಾಯಿಸಿ ದೊಡ್ಡದು ಹಾಕಿಸೋ ಯೋಚನೆ ಅವನದ್ದು. ಸ್ಟೆಪ್ನಿ ಮಾತ್ರ ಟ್ರೇಲರಿನ ಹೊಟ್ಟೆ ಕೆಳಗೆ ಒಂದು ಕಬ್ಬಿಣದ ಬಾರ್ ಮೇಲೆ ಮಲಗಿರುತ್ತೆ. "ದೊಡ್ಡ ಟೈರ್ ಅಲ್ಲಿ ಕೂರುತ್ತಾ? ನೀನು ಮೆಕ್ಯಾನಿಕಲ್ ಅಲ್ವಾ, ಹೇಳು" ಅಂತ ಅಳತೆಗಳನ್ನ ಕಳಿಸಿದ. ಕೂರುತ್ತೋ ಇಲ್ವೋ ಅಂತ ಒಂದೇ ಪದದ ಉತ್ತರ ಇರುತ್ತೆ ಅಂದ್ಕೊಂಡಿದ್ದೆ. ಲೆಕ್ಕ ಹಾಕ್ತಾ ಹೋದ ಹಾಗೆ ನಮ್ಮ ಮೂರನೇ ಸೆಮ್ ಪೂರ್ತಿ ಆ ಒಂದು ಟೈರ್ ಕೆಳಗೆ ಸಿಕ್ತು.

ಟೈರ್ ಮೇಲೆ ಬರೆದಿರೋದು ಏನು?

ಅವನ ಟ್ರೇಲರಿನಲ್ಲಿ ಮೊದಲಿಂದ ಇದ್ದದ್ದು ಎಸ್‌ಟಿ 205/75 ಆರ್ 14. ಹಾಕಿಸಬೇಕು ಅಂತಿರೋದು ಎಸ್‌ಟಿ 225/75 ಆರ್ 15. ಎಸ್‌ಟಿ ಅಂದ್ರೆ ಸ್ಪೆಷಲ್ ಟ್ರೇಲರ್, ಟ್ರೇಲರ್‌ಗೆ ಅಂತಲೇ ಮಾಡಿದ ಟೈರ್. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೇದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಎಷ್ಟು ಅಂತ. ಆರ್ ಅಂದ್ರೆ ರೇಡಿಯಲ್. ಕೊನೇದು ರಿಮ್ಮಿನ ಡಯಾಮೀಟರ್, ಇಂಚಿನಲ್ಲಿ. ಒಂದೇ ಸಾಲಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಕಲಸಿದ್ದಾರೆ. ನಮ್ಮ ಬೈಕು ಕಾರುಗಳ ಟೈರ್ ಮೇಲೂ ಇದೇ ಪದ್ಧತಿ, ಬೇಕಾದ್ರೆ ಪಾರ್ಕಿಂಗಿಗೆ ಹೋಗಿ ಓದಿ.

ಈಗ ಲೆಕ್ಕ. ಹಳೇ ಟೈರ್: 14 ಇಂಚು ಅಂದ್ರೆ 355.6 ಮಿ.ಮೀ. ಗೋಡೆ 205ರ ಶೇ. 75, ಮೇಲೊಂದು ಕೆಳಗೊಂದು ಸೇರಿ 307.5. ಒಟ್ಟು 663 ಮಿ.ಮೀ. ಹೊಸ ಟೈರ್: 381ಕ್ಕೆ 337.5 ಸೇರಿಸಿದ್ರೆ 718.5 ಮಿ.ಮೀ. ಅಂದ್ರೆ ಡಯಾಮೀಟರ್ 55 ಮಿ.ಮೀ. ಜಾಸ್ತಿ, ರೇಡಿಯಸ್ ಸುಮಾರು 28 ಮಿ.ಮೀ. ಜಾಸ್ತಿ. ಈ 28ನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ದೊಡ್ಡದು ಯಾಕೆ ಬೇಕು? ಚೆನ್ನಾಗಿ ಕಾಣಲಿ ಅಂತಲ್ಲ, ಭಾರಕ್ಕೆ. ಹಳೇ ಟೈರ್ ಲೋಡ್ ರೇಂಜ್ ಸಿ, 50 ಪಿಎಸ್‌ಐ ಗಾಳಿಯಲ್ಲಿ 800 ಕೆ.ಜಿ. ಹೊರುತ್ತೆ. ಹೊಸದು ಲೋಡ್ ರೇಂಜ್ ಇ, 80 ಪಿಎಸ್‌ಐನಲ್ಲಿ 1285 ಕೆ.ಜಿ. ಸಾಮಾನು, ನೀರು ಎಲ್ಲಾ ತುಂಬಿದ ಮೇಲೆ ಅವನ ಟ್ರೇಲರ್ 3300 ಕೆ.ಜಿ. ಇದರಲ್ಲಿ 400 ಕೆ.ಜಿ. ಟ್ರಕ್ಕಿನ ಕೊಂಡಿ ಮೇಲೆ ಕೂರುತ್ತೆ. ಉಳಿದ 2900ನ್ನ ನಾಲ್ಕು ಟೈರ್ ಹಂಚಿಕೊಂಡ್ರೆ ತಲಾ 725. ಹೊರೋ ಶಕ್ತಿ 800, ಹೊರ್ತಾ ಇರೋದು 725. ಬೇಸಿಗೆಯ ಟೆಕ್ಸಾಸ್ ಬಿಸಿಲಲ್ಲಿ, ಗಾಳಿ ಸ್ವಲ್ಪ ಕಮ್ಮಿ ಇದ್ರೆ, ಒಂದು ಪಕ್ಕಕ್ಕೆ ಸಾಮಾನು ಜಾಸ್ತಿ ಇದ್ರೆ, ಆ ಮಾರ್ಜಿನ್ ಮುಗೀತು. ಒಂದು ಎಚ್ಚರಿಕೆ: ಟೈರ್ ದೊಡ್ಡದಾಯ್ತು ಅಂತ ಆಕ್ಸಲ್ ಶಕ್ತಿ ಜಾಸ್ತಿ ಆಗಲ್ಲ. ಅವನ ಎರಡು ಆಕ್ಸಲ್ ತಲಾ 3500 ಪೌಂಡ್, ಸುಮಾರು 1588 ಕೆ.ಜಿ. ಹೊರೋಕೆ ಮಾಡಿದ್ದು. ಅದು ಅಷ್ಟೇ ಇರುತ್ತೆ. ಹೊಸ ರಿಮ್ಮೂ 80 ಪಿಎಸ್‌ಐ ತಡೆಯೋದೇ ಆಗಿರಬೇಕು, ಐದು ಬೋಲ್ಟಿನ ವೃತ್ತ 114.3 ಮಿ.ಮೀ. ಇರಬೇಕು. 114.3 ವಿಚಿತ್ರ ಸಂಖ್ಯೆ ಅನ್ಸುತ್ತೆ, ಆದರೆ ಅದು ನಾಲ್ಕೂವರೆ ಇಂಚು ಅಷ್ಟೇ.

ನಿಂತ ಟೈರ್ ಬೇರೆ, ಮಲಗಿದ ಟೈರ್ ಬೇರೆ

ಇಲ್ಲೇ ಹೆಚ್ಚಿನವರು ಒಂದು ಅಳತೆ ತಗೊಂಡು ಇನ್ನೊಂದನ್ನ ಬಿಟ್ಟುಬಿಡೋದು. ಓಡೋ ಚಕ್ರಕ್ಕೆ ಡಯಾಮೀಟರ್ ಅಂದ್ರೆ ಎತ್ತರ. ಆದರೆ ಸ್ಟೆಪ್ನಿ ಮಲಗಿರುತ್ತೆ. ಮಲಗಿದಾಗ ಡಯಾಮೀಟರ್ ನೆಲಕ್ಕೆ ಸಮಾನಾಂತರವಾಗಿ ಹರಡಿಕೊಳ್ಳುತ್ತೆ, ಟೈರಿನ ಅಗಲವೇ ಎತ್ತರ ಆಗುತ್ತೆ. ಅಂದ್ರೆ 55 ಮಿ.ಮೀ. ಹೋಗಿ ಅಕ್ಕಪಕ್ಕದ ವಸ್ತುಗಳಿಗೆ ತಾಗುತ್ತೆ, 205ರಿಂದ 225ಕ್ಕೆ ಏರಿದ 20 ಮಿ.ಮೀ. ನೆಲದ ಕಡೆ ಇಳಿಯುತ್ತೆ. ಎರಡು ಬೇರೆ ಬೇರೆ ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ಉತ್ತರ.

ಮೊದಲು ಅಕ್ಕಪಕ್ಕ. ಟ್ರೇಲರ್ ಹೊಟ್ಟೆ ಕೆಳಗೆ ಖಾಲಿ ಜಾಗ ಇದೆ ಅಂತ ದೂರದಿಂದ ಅನ್ಸುತ್ತೆ. ಬಗ್ಗಿ ನೋಡಿದ್ರೆ ಒಂದು ಕಡೆ ಆಕ್ಸಲ್, ಅದರ ಮೇಲೆ ಎಲೆಕ್ಟ್ರಿಕ್ ಬ್ರೇಕಿನ ವೈರ್, ಇನ್ನೊಂದು ಕಡೆ ಟಾಯ್ಲೆಟ್ ನೀರಿನ ಟ್ಯಾಂಕು, ಅದರ ಪಿವಿಸಿ ಪೈಪು, ವಾಲ್ವು. ಒಲೆಗೆ ಹೋಗೋ ಗ್ಯಾಸ್ ಪೈಪೂ ಚಾಸಿ ಕೆಳಗೇ ಹಾದು ಹೋಗಿರುತ್ತೆ. ಟೈರ್ ಇದರಲ್ಲಿ ಯಾವುದಕ್ಕೂ ಉಜ್ಜಬಾರದು, ಗ್ಯಾಸ್ ಪೈಪಿಗಂತೂ ಹತ್ತಿರವೂ ಸುಳಿಯಬಾರದು. ಇನ್ನೊಂದು ವಿಷಯ: ನಿಂತಾಗ ಇರೋ ಜಾಗ ಓಡುವಾಗ ಇರಲ್ಲ. ಗುಂಡಿಗೆ ಬಿದ್ದಾಗ ಲೀಫ್ ಸ್ಪ್ರಿಂಗ್ ಚಪ್ಪಟೆ ಆಗುತ್ತೆ, ಚಾಸಿಗೆ ಹೋಲಿಸಿದ್ರೆ ಆಕ್ಸಲ್ ಮೇಲೆ ಬರುತ್ತೆ. ಸ್ಪ್ರಿಂಗ್ ಉದ್ದ ಆಗೋದ್ರಿಂದ ಆಕ್ಸಲ್ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸರಿಯುತ್ತೆ. ಆದ್ದರಿಂದ ಆಕ್ಸಲ್ ಕಡೆ ಕನಿಷ್ಠ ಮೂರ್ನಾಲ್ಕು ಬೆರಳು ಜಾಗ ಬಿಟ್ಟೇ ಇರಬೇಕು.

ಇದನ್ನ ಹೇಗೆ ಪರೀಕ್ಷೆ ಮಾಡೋದು? ನಾನು ಸಾಲಿಡ್‌ವರ್ಕ್ಸ್ ತೆಗೆಯೋಣ ಅಂದ್ಕೊಂಡೆ. ಅದಕ್ಕಿಂತ ಒಳ್ಳೇ ಉಪಾಯ ರಟ್ಟಿನ ಡಬ್ಬಿ. ಫ್ರಿಜ್ ಬಂದ ರಟ್ಟಿನಲ್ಲಿ 720 ಮಿ.ಮೀ.ನ ಒಂದು ತಟ್ಟೆ ಕತ್ತರಿಸಿ. ಬಾರ್ ಇರೋ ಎತ್ತರದಲ್ಲಿ ಹಿಡಿದು ಟ್ರೇಲರ್ ಕೆಳಗೆ ತೂರಿಸಿ ನೋಡಿ. ಒಂದು ತಟ್ಟೆ ಟೈರಿನ ಮೇಲ್ಮೈಗೆ, ಇನ್ನೊಂದು ತಳಕ್ಕೆ, ಮಧ್ಯೆ 225 ಮಿ.ಮೀ. ಕಡ್ಡಿಗಳು. ಒಂದು ಗಂಟೆಯಲ್ಲಿ ಟೈರಿನ ಪ್ರೋಟೋಟೈಪ್ ರೆಡಿ, ಖರ್ಚು ಸೊನ್ನೆ. ಅಂಗಡಿಗೆ ಹೋಗಿ ಟೈರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಮಾಡೋದೇ ಬುದ್ಧಿವಂತಿಕೆ.

ಆ ಬಾರ್ ತಡೆಯುತ್ತಾ?

ಜಾಗ ಇದೆ ಅಂತಾಯ್ತು ಅಂದ್ಕೊಳ್ಳಿ. ಈಗ ಭಾರ. ರಿಮ್ ಸೇರಿ ಹಳೇ ಸ್ಟೆಪ್ನಿ ಸುಮಾರು 16.5 ಕೆ.ಜಿ., ಹೊಸದು ಸುಮಾರು 23 ಕೆ.ಜಿ. ಆರೂವರೆ ಕೆ.ಜಿ. ಏನು ಮಹಾ ಅನ್ನಿಸಬಹುದು. ಬನ್ನಿ, ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಪುಸ್ತಕ ತೆಗೆಯೋಣ.

ಬಾರ್ ಎರಡೂ ತುದಿಯಲ್ಲಿ ಚಾಸಿಗೆ ಕೂತಿದೆ, ಟೈರ್ ಮಧ್ಯದಲ್ಲಿ. ಸಿಂಪ್ಲಿ ಸಪೋರ್ಟೆಡ್ ಬೀಮ್, ಸೆಂಟರ್ ಲೋಡ್. ಬೆಂಡಿಂಗ್ ಮೊಮೆಂಟ್ ಅಂದ್ರೆ ಭಾರ ಗುಣಿಸು ಉದ್ದ ಭಾಗಿಸು 4, ಇಂಟರ್ನಲ್ಸಿಗೆ ಬರೋ ಫಾರ್ಮುಲಾ. ಗುಂಡಿಗೆ ಬಿದ್ದಾಗ ಭಾರ ಮೂರು ಪಟ್ಟು ಅಂತ ಇಟ್ಕೊಳ್ಳೋಣ. ಇದು ನಾನು ಲೆಕ್ಕಕ್ಕೆ ತಗೊಂಡ ಅಂದಾಜು. ಹಳೇ ಬಾರ್ 700 ಮಿ.ಮೀ. ಉದ್ದ: 16.5 ಗುಣಿಸು 9.81 ಗುಣಿಸು 3, ಅಂದ್ರೆ 486 ನ್ಯೂಟನ್. ಮೊಮೆಂಟ್ 85 ನ್ಯೂಟನ್ ಮೀಟರ್. ಹೊಸ ಟೈರ್ 718 ಮಿ.ಮೀ. ಇರೋದ್ರಿಂದ ಬ್ರಾಕೆಟ್‌ಗಳನ್ನ ದೂರ ಮಾಡಿ ಬಾರ್ 800 ಮಿ.ಮೀ. ಮಾಡಬೇಕು. 677 ನ್ಯೂಟನ್ ಗುಣಿಸು 0.8 ಭಾಗಿಸು 4, ಅಂದ್ರೆ 135 ನ್ಯೂಟನ್ ಮೀಟರ್. ಭಾರ ಶೇ. 40ರಷ್ಟು ಜಾಸ್ತಿ ಆಯ್ತು, ಮೊಮೆಂಟ್ ಶೇ. 60ರಷ್ಟು ಜಾಸ್ತಿ ಆಯ್ತು. ಯಾಕಂದ್ರೆ ಭಾರ, ಉದ್ದ ಎರಡೂ ಒಟ್ಟಿಗೆ ಬೆಳೆದವು.

ಬಾರ್ 25 ಮಿ.ಮೀ. ಚೌಕದ ಕೊಳವೆ, ಗೋಡೆ 2 ಮಿ.ಮೀ. ದಪ್ಪ. ಟೈರನ್ನ ಹಿಡಿಯೋಕೆ ಮಧ್ಯದಲ್ಲಿ ಮೇಲಿಂದ ಕೆಳಕ್ಕೆ 12 ಮಿ.ಮೀ. ತೂತು ಕೊರೆದಿದ್ದಾರೆ. ಮೊಮೆಂಟ್ ಅತಿ ಹೆಚ್ಚು ಇರೋದೂ ಮಧ್ಯದಲ್ಲೇ, ಲೋಹ ಕಮ್ಮಿ ಇರೋದೂ ಮಧ್ಯದಲ್ಲೇ! ತೂತು ಕಳೆದು ಸೆಕ್ಷನ್ ಮಾಡ್ಯುಲಸ್ ಹಾಕಿದ್ರೆ ಸುಮಾರು 800 ಘನ ಮಿ.ಮೀ. ಉಳಿಯುತ್ತೆ. ಹಳೇ ಸ್ಟೆಪ್ನಿಗೆ ಸ್ಟ್ರೆಸ್ 107 ಮೆಗಾಪ್ಯಾಸ್ಕಲ್, ಹೊಸದಕ್ಕೆ 170. ಮೈಲ್ಡ್ ಸ್ಟೀಲ್ ಯೀಲ್ಡ್ ಆಗೋದು 250ರ ಹತ್ತಿರ. ಫ್ಯಾಕ್ಟರ್ ಆಫ್ ಸೇಫ್ಟಿ 2.3ರಿಂದ 1.5ಕ್ಕೆ ಇಳಿದುಹೋಯ್ತು. ತೂತಿನ ಅಂಚಲ್ಲಿ ಸ್ಟ್ರೆಸ್ ಕಾನ್ಸಂಟ್ರೇಶನ್ ಬೇರೆ, ಸಾವಿರಾರು ಗುಂಡಿಗಳ ಫ್ಯಾಟೀಗ್ ಬೇರೆ, ಜೊತೆಗೆ ತುಕ್ಕು. ನಿಂತಿರೋ ಟ್ರೇಲರಿನಲ್ಲಿ ಬಾರ್ ಹಿಡಿದು ಅಲ್ಲಾಡಿಸಿ 'ಗಟ್ಟಿ ಇದೆ' ಅಂದ್ರೆ ಇದ್ಯಾವುದೂ ಗೊತ್ತಾಗಲ್ಲ.

ಪರಿಹಾರ ಸುಲಭ. 40 ಮಿ.ಮೀ. ಕೊಳವೆ, ಗೋಡೆ 3 ಮಿ.ಮೀ. ಹಾಕಿದ್ರೆ ಅದೇ ತೂತು ಕಳೆದೂ ಸ್ಟ್ರೆಸ್ 35 ಮೆಗಾಪ್ಯಾಸ್ಕಲ್‌ಗೆ ಬರುತ್ತೆ. ಕೊಳವೆ ಸ್ವಲ್ಪ ದಪ್ಪ ಆದ್ರೆ ಶಕ್ತಿ ಎಷ್ಟೋ ಪಟ್ಟು ಏರುತ್ತೆ, ಏಕೆಂದ್ರೆ ಮೊಮೆಂಟ್ ಆಫ್ ಇನರ್ಶಿಯಾದಲ್ಲಿ ಅಳತೆಗೆ ನಾಲ್ಕನೇ ಘಾತ. ಜೊತೆಗೆ ಒಂದು ಸೇಫ್ಟಿ ಚೈನ್, ಬಾರಿಗೂ ಬೋಲ್ಟಿಗೂ ಸಂಬಂಧ ಇಲ್ಲದ ಹಾಗೆ ಸೀದಾ ರಿಮ್ಮಿನ ತೂತಿಂದ ಚಾಸಿಗೆ. ಬಾರ್ ಮುರಿದ್ರೂ ಟೈರ್ ರಸ್ತೆಗೆ ಬೀಳಬಾರದು. ಹೈವೇಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ 23 ಕೆ.ಜಿ. ಚಕ್ರ ಕಳಚಿಬಿದ್ರೆ ಅದು ನಮ್ಮ ನಷ್ಟ ಅಲ್ಲ, ಹಿಂದೆ ಬರ್ತಿರೋ ಕುಟುಂಬದ ಪ್ರಾಣ. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ನೆಲದಿಂದ ಎಷ್ಟು ಎತ್ತರ?

ಈಗ ಕೆಳಗಿನ ಲೆಕ್ಕ. ಟೈರ್ ಅಗಲದಿಂದ 20 ಮಿ.ಮೀ. ಇಳೀತು. ಹೊಸ ಬಾರ್ 15 ಮಿ.ಮೀ. ದಪ್ಪ ಜಾಸ್ತಿ, ಅದೂ ಟೈರಿನ ಕೆಳಗೇ ಇರೋದ್ರಿಂದ ಇನ್ನೂ 15 ಇಳೀತು. ಒಟ್ಟು 35. ಅಯ್ಯೋ ಅನ್ನೋ ಮುಂಚೆ ಆ 28ನ್ನ ನೆನಪು ಮಾಡ್ಕೊಳ್ಳಿ. ಓಡೋ ಚಕ್ರಗಳೂ ದೊಡ್ಡದಾಗಿವೆ, ಆಕ್ಸಲ್ 28 ಮಿ.ಮೀ. ಮೇಲೆದ್ದಿದೆ, ಟ್ರೇಲರ್ ಪೂರ್ತಿ ಅಷ್ಟೇ ಮೇಲೆದ್ದಿದೆ. 35ರಲ್ಲಿ 28 ಕಳೆದ್ರೆ ನಿಜವಾದ ನಷ್ಟ 7 ಮಿ.ಮೀ. ಅಷ್ಟೇ. ಮೊದಲು ಬಾರಿನ ತಳ ನೆಲದಿಂದ 350 ಇತ್ತು, ಈಗ 343.

ಆದರೆ ಟ್ರೇಲರ್ ಮೇಲೆದ್ದಿದ್ದು ಫ್ರೀ ಅಲ್ಲ. ಹಿಂದೆ 28 ಎದ್ದು ಮುಂದಿನ ಕೊಂಡಿ ಅಲ್ಲೇ ಇದ್ರೆ ಟ್ರೇಲರ್ ಮೂಗು ಕೆಳಗೆ ಮಾಡಿ ನಿಲ್ಲುತ್ತೆ. ಹಿಚ್ ಬಾಲ್ ಎತ್ತರ ಸರಿ ಮಾಡಬೇಕು. ಎರಡು ಚಕ್ರಗಳ ಮಧ್ಯದ ಸಂದೂ ಕಮ್ಮಿ ಆಗುತ್ತೆ. ಆಕ್ಸಲ್‌ಗಳ ನಡುವೆ 33 ಇಂಚು, ಅಂದ್ರೆ 838 ಮಿ.ಮೀ. ಇದ್ರೆ ಮೊದಲು 175 ಇದ್ದ ಸಂದು ಈಗ 120. ಚಕ್ರದ ಮೇಲಿನ ಗೂಡಿನಲ್ಲೂ 28 ಕಮ್ಮಿ. ಇವೆಲ್ಲ ಸರಿ ಇದ್ರೆ ಮಾತ್ರ ಮುಂದಿನ ಮಾತು.

ಎತ್ತರದಷ್ಟೇ ಮುಖ್ಯ ಸ್ಟೆಪ್ನಿ ಎಲ್ಲಿದೆ ಅನ್ನೋದು. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಟ್ರೇಲರಿನ ಹಿಂಭಾಗ ಕೆರೆಯೋದು ಮಾಮೂಲಿ. ಸ್ಟೆಪ್ನಿಯ ಹಿಂದಿನ ಅಂಚು ಹಿಂದಿನ ಚಕ್ರದಿಂದ 2 ಮೀಟರ್ ದೂರ ಇದ್ರೆ, 343 ಮಿ.ಮೀ. ಎತ್ತರಕ್ಕೆ ಕೋನ ಹೆಚ್ಚುಕಮ್ಮಿ 10 ಡಿಗ್ರಿ. ಅದೇ ಸ್ಟೆಪ್ನಿಯನ್ನ 1 ಮೀಟರ್ ದೂರಕ್ಕೆ ತಂದ್ರೆ 19 ಡಿಗ್ರಿ. 7 ಮಿ.ಮೀ.ಗೆ ತಲೆ ಕೆಡಿಸ್ಕೊಳ್ಳೋ ಬದಲು ಆಕ್ಸಲ್ ಹತ್ತಿರ ತರೋಕೆ ಆಗುತ್ತಾ ನೋಡೋದು ಮೇಲು.

ಬೇರೆ ಕಡೆ ಇಟ್ರೆ ಆಗಲ್ವಾ?

ಆಗುತ್ತೆ. ಹಲವರು ಹಿಂದಿನ ಬಂಪರ್ ಮೇಲೆ ನಿಲ್ಲಿಸ್ತಾರೆ, ಕೆಲವರು ಮುಂದೆ ತ್ರಿಕೋನದ ಚೌಕಟ್ಟಿನ ಮೇಲೆ ಇಡ್ತಾರೆ. ಆದರೆ ಬಹಳ ಟ್ರೇಲರುಗಳ ಬಂಪರ್ ತೆಳುವಾದ ಖಾಲಿ ಕೊಳವೆ, ಒಳಗೆ ಟಾಯ್ಲೆಟ್ ಪೈಪ್ ಇಡೋ ಡಬ್ಬಿ ಥರ. ಅದಕ್ಕೆ ಭಾರದ ಚಕ್ರ ನೇತುಹಾಕಿದ್ರೆ ಬೆಸುಗೆಯ ಹತ್ತಿರ ತಿರುಚುತ್ತೆ.

ಇನ್ನೊಂದು, ಸೀಸಾ ಲೆಕ್ಕ. ಕೊಂಡಿಯ ಮೇಲೆ ಬೀಳೋ ಭಾರ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಇರಬೇಕು ಅನ್ನೋದು ಅಲ್ಲಿ ಎಲ್ಲರೂ ಪಾಲಿಸೋ ನಿಯಮ. ಕಮ್ಮಿ ಆದ್ರೆ ವೇಗದಲ್ಲಿ ಟ್ರೇಲರ್ ಹಾವಿನ ಥರ ಅತ್ತಿತ್ತ ಬಳುಕುತ್ತೆ, ಟ್ರಕ್ಕನ್ನೂ ಎಳ್ಕೊಂಡು ಹೋಗುತ್ತೆ. ಕೊಂಡಿ ಆಕ್ಸಲ್‌ಗಳ ಮಧ್ಯದಿಂದ 4.5 ಮೀಟರ್ ಮುಂದೆ, ಬಂಪರ್ 3 ಮೀಟರ್ ಹಿಂದೆ ಅಂದ್ಕೊಳ್ಳಿ. ಬಂಪರಿಗೆ 23 ಕೆ.ಜಿ. ಹಾಕಿದ್ರೆ ಕೊಂಡಿಯಿಂದ 15 ಕೆ.ಜಿ. ಎತ್ತಿಬಿಡುತ್ತೆ. ಅದೇ ಚಕ್ರ ಬಂಪರಿಂದ ತೆಗೆದು 3.5 ಮೀಟರ್ ಮುಂದಿರೋ ಚೌಕಟ್ಟಿಗೆ ಹಾಕಿದ್ರೆ ಒಟ್ಟು ವ್ಯತ್ಯಾಸ 33 ಕೆ.ಜಿ. ಅವನ ಟ್ರೇಲರಿಗೆ ಇದು ಶೇ. 1. ಒಂದೇ ಚಕ್ರಕ್ಕೆ ಇದು ಜಾಸ್ತಿನೇ. ಹೊಟ್ಟೆ ಕೆಳಗೆ, ಆಕ್ಸಲ್ ಹತ್ತಿರ ಇಟ್ರೆ ಈ ಚಿಂತೆ ಹೆಚ್ಚುಕಮ್ಮಿ ಇರಲ್ಲ. ಕಂಪನಿಯವರು ಅಲ್ಲೇ ಇಟ್ಟಿದ್ದಕ್ಕೆ ಕಾರಣ ಇದೆ.

ಹಳೇ ಸಣ್ಣ ಸ್ಟೆಪ್ನಿನೇ ಇರಲಿ ಬಿಡಿ ಅಂದ್ರೆ?

ಇದು ನನಗೆ ತುಂಬಾ ಇಷ್ಟ ಆದ ಪ್ರಶ್ನೆ. ಕಾರಿನಲ್ಲಿ ಒಂದು ಚಕ್ರ ಸಣ್ಣದಾದ್ರೆ ಡಿಫರೆನ್ಷಿಯಲ್‌ಗೆ ತೊಂದರೆ. ಟ್ರೇಲರಿಗೆ ಡಿಫರೆನ್ಷಿಯಲ್ಲೇ ಇಲ್ಲ, ಪ್ರತಿ ಚಕ್ರವೂ ತನ್ನ ಪಾಡಿಗೆ ತಿರುಗುತ್ತೆ. ಲೀಫ್ ಸ್ಪ್ರಿಂಗ್ ಟ್ರೇಲರಿನಲ್ಲಿ ಒಂದೇ ಪಕ್ಕದ ಎರಡು ಸ್ಪ್ರಿಂಗ್‌ಗಳ ಮಧ್ಯೆ ಈಕ್ವಲೈಸರ್ ಅಂತ ಒಂದು ತಕ್ಕಡಿ ಇರುತ್ತೆ. ಒಂದು ಚಕ್ರ 28 ಮಿ.ಮೀ. ಕೆಳಗಿದ್ರೆ ಆ ತಕ್ಕಡಿ ವಾಲಿ ಭಾರವನ್ನ ಹೆಚ್ಚುಕಮ್ಮಿ ಸಮ ಹಂಚುತ್ತೆ. ಆದರೆ ರಬ್ಬರ್ ಟಾರ್ಷನ್ ಆಕ್ಸಲ್ ಇದ್ರೆ ತಕ್ಕಡಿ ಇರಲ್ಲ, ಪಕ್ಕದ ದೊಡ್ಡ ಟೈರ್ ಮೇಲೆ ಭಾರ ಜಾಸ್ತಿ ಬೀಳುತ್ತೆ.

ಹಾಗಾದ್ರೆ ಲೀಫ್ ಸ್ಪ್ರಿಂಗ್ ಇರೋರಿಗೆ ಹಳೇದೇ ಸಾಕಾ? ಮುಂದಿನ ಊರಿನ ಟೈರ್ ಅಂಗಡಿವರೆಗೆ ನಿಧಾನಕ್ಕೆ ಹೋಗೋಕೆ ಆಗಬಹುದು. ಆದರೆ ಅಲ್ಲೂ 725 ಕೆ.ಜಿ.ಗೆ 800 ಅನ್ನೋ ಅದೇ ಸಣ್ಣ ಮಾರ್ಜಿನ್. ಯಾವ ಭಯಕ್ಕೆ ನಾಲ್ಕು ಟೈರ್ ಬದಲಾಯಿಸಿದ್ವೋ ಅದೇ ಭಯ ಐದನೇದರಲ್ಲಿ ಉಳ್ಕೊಂಡಿರುತ್ತೆ. ಮುಂದಿನ ಊರು 100 ಮೈಲಿ ದೂರ ಇರೋ ದೇಶದಲ್ಲಿ ಇದು ಯೋಚನೆ ಮಾಡಬೇಕಾದ ವಿಷಯ.

ಹೊರಗೆ ಬರುತ್ತಾ?

ಕೊನೇ ಪರೀಕ್ಷೆ ಇದು, ಬಹಳ ಜನ ಮಾಡದೇ ಬಿಡೋದೂ ಇದೇ. ಸ್ಟೆಪ್ನಿ ಬೇಕಾಗೋದು ಚಕ್ರ ಪಂಕ್ಚರ್ ಆದಾಗ. ಪಂಕ್ಚರ್ ಆದಾಗ ಟ್ರೇಲರ್ ಆ ಪಕ್ಕಕ್ಕೆ ಕೆಳಗಿಳಿದಿರುತ್ತೆ. ಬಾರ್ ಬಿಚ್ಚಿ ಟೈರ್ ನೆಲಕ್ಕೆ ಇಳಿಸಿದ ಮೇಲೆ 225 ಮಿ.ಮೀ. ದಪ್ಪದ ಚಕ್ರವನ್ನ ಚಾಸಿ, ಮೆಟ್ಟಿಲು, ಪೈಪುಗಳ ಕೆಳಗಿಂದ ಎಳ್ಕೊಂಡು ಹೊರಗೆ ತರಬೇಕು. ಎಲ್ಲಾ ಚಕ್ರ ಸರಿ ಇರುವಾಗ ಸಲೀಸಾಗಿ ಬರೋದು ಆವತ್ತು ಸಿಕ್ಕಿಹಾಕ್ಕೊಂಡ್ರೆ? ಟ್ರಕ್ಕುಗಳು ಸುಂಯ್ ಅಂತ ಹೋಗ್ತಿರೋ ಹೈವೇ ಬದಿಯಲ್ಲಿ, ರಾತ್ರಿ, ಟ್ರೇಲರ್ ಕೆಳಗೆ ಅರ್ಧ ದೇಹ ತೂರಿಸಿ ಎಳೆಯೋ ಪರಿಸ್ಥಿತಿ ಯಾರಿಗೂ ಬೇಡ. ಮನೆ ಅಂಗಳದಲ್ಲೇ ಒಂದು ಟೈರಿನ ಗಾಳಿ ಬಿಟ್ಟು, ರಸ್ತೆಗೆ ದೂರ ಇರೋ ಪಕ್ಕದಿಂದ ಒಮ್ಮೆ ಹೊರಗೆ ತೆಗೆದು ನೋಡಬೇಕು. ಜಾಕ್ ಇಡೋದು ಚಾಸಿ ಕೆಳಗೆ, ಆಕ್ಸಲ್ ಕೊಳವೆ ಕೆಳಗಲ್ಲ, ಅದು ಬಗ್ಗಿಬಿಡಬಹುದು. ಟೈರ್ ದೊಡ್ಡದಾಗಿರೋದ್ರಿಂದ ಜಾಕ್ ಮೊದಲಿಗಿಂತ ಹೆಚ್ಚು ಎತ್ತಬೇಕು, ಹಳೇ ಜಾಕ್ ಅಷ್ಟು ಏರುತ್ತಾ ಅಂತಲೂ ಅವತ್ತೇ ಗೊತ್ತಾಗುತ್ತೆ.

ಇನ್ನು ಚಿಕ್ಕ ಚಿಕ್ಕ ವಿಷಯಗಳು. ಟೈರಿನ ವಾಲ್ವ್ ಕೆಳಮುಖ ಇರಲಿ, ಬಿಚ್ಚದೇ ಗಾಳಿ ನೋಡಬಹುದು. ಟೈರ್ ಮೇಲಿರೋ ಡಾಟ್ ಕೋಡಿನ ಕೊನೇ ನಾಲ್ಕು ಅಂಕಿ ಓದಿ: 2319 ಅಂತಿದ್ರೆ 2019ರ 23ನೇ ವಾರ ಮಾಡಿದ್ದು. ಓಡದೇ ಮಲಗಿದ್ರೂ ರಬ್ಬರಿಗೆ ವಯಸ್ಸಾಗುತ್ತೆ. ಸ್ಟೆಪ್ನಿ ಹಾಕಿ ಹೊರಟ ಮೇಲೆ 10, 25, 50 ಮೈಲಿಗೆ ಒಮ್ಮೆ ನಿಲ್ಲಿಸಿ ನಟ್ ಟಾರ್ಕ್ ನೋಡಬೇಕು.

ನಾನು ಕೊನೆಗೆ ಕಳಿಸಿದ ಉತ್ತರ ಹೀಗಿತ್ತು: ಕೂರುತ್ತೆ, ಆದರೆ ಬಾರ್ 40ರದ್ದು ಮಾಡಿಸು, ಚೈನ್ ಹಾಕು, ಹಿಚ್ ಎತ್ತರ ಸರಿ ಮಾಡು, ರಟ್ಟಿನ ತಟ್ಟೆ ಗ್ಯಾಸ್ ಪೈಪಿಗೆ ತಾಗಿದ್ರೆ ಟೈರ್ ತಗೋಬೇಡ. ಕ್ಲಾಸಲ್ಲಿ ಬೀಮ್ ಒಂದು ಪುಟದಲ್ಲಿ, ಸ್ಪ್ರಿಂಗ್ ಇನ್ನೊಂದು ಪುಟದಲ್ಲಿ ಇರುತ್ತೆ. ಟ್ರೇಲರ್ ಕೆಳಗೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ: ಬಾರ್ ಗಟ್ಟಿ ಮಾಡಿದ್ರೆ ನೆಲ ಹತ್ತಿರ ಬರುತ್ತೆ, ಚಕ್ರ ದೊಡ್ಡದಾದ್ರೆ ನೆಲ ದೂರ ಹೋಗುತ್ತೆ, ಕೊಂಡಿ ವಾಲುತ್ತೆ. ನಿಮ್ಮ ಮನೆ ಕಾರಿನ ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಕೊನೇ ಸಲ ನೋಡಿದ್ದು ಯಾವಾಗ? ಈ ಭಾನುವಾರ ಡಿಕ್ಕಿ ತೆಗೆದು ಒಮ್ಮೆ ನೋಡಿ.